ಕೊಯ್ಯದ ಜೋಳ

ಡೆಲ್ಮರನ ಕಟಾವು ಯಂತ್ರ ಕೊನೆಯ ಸಾಲುಗಳಿಗೆ ಬಾಯಿ ಹಾಕುವ ಹೊತ್ತಿಗೆ ಆರ್ಡಿಸ್ ಓಡಿಬಂದು ಎರಡೂ ಕೈ ಅಗಲಿಸಿ ಅದರ ಮುಂದೆ ನಿಂತುಬಿಟ್ಟಳು. ಶಾಲೆಯ ಬಸ್ಸು ಓಡಿಸುವ ಹೆಂಗಸು. ಎದುರಿಗೆ ಬಂದದ್ದನ್ನು ನಿಲ್ಲಿಸಿಯೇ ಅಭ್ಯಾಸ.

"ನಿಲ್ಸೋ ಪುಣ್ಯಾತ್ಮ! ವರ್ಲಿನ್ ಜೋಳ ಕೊಯ್ಯೋಕೆ ನಿಂಗೆ ಯಾರು ಹೇಳಿದ್ರು?"

ಡೆಲ್ಮರ್ ಯಂತ್ರ ಆರಿಸಿ ಕೆಳಗಿಳಿದ. "ಯಾರು ಹೇಳ್ಬೇಕು? ಹೋದ ಭಾನುವಾರ ಚರ್ಚಿಗೆ ಕುಂಟ್ಕೊಂಡು ಬಂದ. ನವೆಂಬರ್ ಬಂದ್ರೂ ರಸ್ತೆ ಪಕ್ಕದ ಮೆಕ್ಕೆಜೋಳ ಹಾಗೇ ನಿಂತಿದೆ. ಅವನು ಹಾಸಿಗೆ ಹಿಡಿದಿದಾನೆ ಅಂತ ಕುರುಡನಿಗೂ ಗೊತ್ತಾಗುತ್ತೆ."

ನಮ್ಮ ಮಿನ್ನೆಸೋಟಾದ ಬಯಲಲ್ಲಿ ಅಷ್ಟು ಸಾಕು. ಬೆಳೆ ಹೊಲದಲ್ಲೇ ಉಳಿಯಿತೆಂದರೆ ಯಜಮಾನ ಮಲಗಿದ್ದಾನೆ ಎಂದೇ ಲೆಕ್ಕ. ನೆರೆಯವರು ಬಂದು ಕೊಯ್ದು, ಕಾಳನ್ನು ಅವನ ಕಣಜಕ್ಕೆ ಸುರಿದು, ಸದ್ದಿಲ್ಲದೆ ಮನೆಗೆ ಹೋಗುತ್ತಾರೆ. ಮೊದಲೇ ಕೇಳುವ ಪದ್ಧತಿ ಮಾತ್ರ ಇಲ್ಲ. ಕೇಳಿದರೆ ಬೇಡ ಎನ್ನುತ್ತಾನಲ್ಲ!

"ಅಯ್ಯೋ ದೇವರೇ!" ಆರ್ಡಿಸ್ ತಲೆಯ ಮೇಲೆ ಕೈ ಹೊತ್ತಳು. "ಅವನ ಕಾಲು ಕರು ತುಳಿದಿದ್ದು ಕಣೋ. ಈ ಜೋಳ ಕೊಯ್ಯದೆ ಬಿಡು ಅಂತ ನಾನೇ ಬೇಡಿಕೊಂಡಿದ್ದು. ಬೇಸಿಗೆ ಪೂರ್ತಿ ಅವನ ಬೆನ್ನು ಹತ್ತಿದ್ದೆ."

ಹೋದ ಜನವರಿಯಲ್ಲಿ ಹೊಲದ ಪಕ್ಕದ ಇದೇ ತಿರುವಿನಲ್ಲಿ ಆರ್ಡಿಸಳ ಬಸ್ಸು ಹೂತುಹೋಗಿತ್ತು. ಬಯಲ ಮೇಲಿನ ಹಿಮವನ್ನೆಲ್ಲ ಗಾಳಿ ಗುಡಿಸಿ ತಂದು ರಸ್ತೆಗೆ ಸುರಿದಿತ್ತು. ಎಂಜಿನ್ನೂ ಕೈಕೊಟ್ಟಿತು. ಟ್ರ್ಯಾಕ್ಟರ್ ಬರುವವರೆಗೆ ಮಕ್ಕಳನ್ನೆಲ್ಲ ಒಂದೆಡೆ ಒತ್ತೊತ್ತಾಗಿ ಕೂರಿಸಿ, ನಿದ್ದೆ ಹೋಗದಂತೆ ಹಾಡು ಹೇಳಿಸುತ್ತ ಕೂತಿದ್ದಳು. ಎಲ್ಲರಿಗಿಂತ ಚಿಕ್ಕವಳು ಟಿಲ್ಲಿ ನಡುವೆಯೇ ಹಾಡು ನಿಲ್ಲಿಸಿದಾಗ ಅವಳ ತುಟಿ ನೀಲಿಗಟ್ಟಿತ್ತು. ಮಗು ಉಳಿಯಿತು, ಆದರೆ ಆ ತುಟಿ ಆರ್ಡಿಸಳ ಕಣ್ಣಿಂದ ಹೋಗಲಿಲ್ಲ. ಇನ್ನೊಮ್ಮೆ ಹಾಗಾದರೆ ಬಸ್ಸಿನ ಕೀಲಿ ಶಾಲೆಯ ಮೇಜಿನ ಮೇಲಿಟ್ಟು ಬರುವುದೆಂದು ಅವತ್ತೇ ನಿಶ್ಚಯಿಸಿದ್ದಳು.

"ಜೋಳ ನಿಂತಿದ್ರೆ ಹಿಮ ಅದಕ್ಕೆ ಸಿಕ್ಕಿ ಹೊಲದಲ್ಲೇ ಬೀಳುತ್ತೆ, ರಸ್ತೆಗೆ ಬರಲ್ಲ. ಅಷ್ಟೇ ಕಣೋ! ಗೋಡೆ ಬೇಡ, ಸರ್ಕಾರ ಬೇಡ, ಒಂದಿಷ್ಟು ಸಾಲು ಜೋಳ ಸಾಕು!"

"ಅದನ್ನ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ಹೇಳ್ಬೇಡ ಅಂತ ಅವನೇ ಆಣೆ ಹಾಕಿಸ್ಕೊಂಡಿದ್ದ. ಬೆಳೆದ ಬೆಳೆ ಕೊಯ್ಯದ ಸೋಮಾರಿ ಅಂತ ನೀವೆಲ್ಲ ಆಡ್ಕೋತೀರಂತೆ."

ಅಷ್ಟರಲ್ಲಿ ವರ್ಲಿನ್ ಕುಂಟುತ್ತ ಬಂದ. ಬೆಳಿಗ್ಗೆ ಪೇಟೆಗೆ ಹೋದವನು ಆಗಷ್ಟೇ ಮರಳಿದ್ದ. ಕೈಯಲ್ಲಿ ಮುಚ್ಚಿದ ಪಾತ್ರೆ, ಸಾವು-ಕಾಯಿಲೆಯ ಮನೆಗೆ ನೆರೆಯವರು ಬೇಯಿಸಿ ತಂದಿಡುವ ಬಿಸಿಯೂಟ. "ನಮ್ಮನೇಲಿ ಯಾರು ಸತ್ತಿದಾರೋ? ಮೆಟ್ಟಿಲ ತುಂಬ ಹಾಟ್‌ಡಿಶ್ ಇಟ್ಟು ಹೋಗಿದಾರೆ ಹೆಂಗಸರು!" ಎನ್ನುತ್ತಿದ್ದವನು ಹೊಲದತ್ತ ತಿರುಗಿದ. ತಿರುವಿನ ಬಳಿ ಒಂದು ತುಂಡು ಬಿಟ್ಟರೆ ಉಳಿದದ್ದೆಲ್ಲ ಬರೀ ಕೂಳೆ.

ಡೆಲ್ಮರ್ ಟೋಪಿ ತೆಗೆದು ಹಿಂಡತೊಡಗಿದ.

"ಒಳ್ಳೇದು ಮಾಡೋಕೆ ಬಂದಿದೀಯ," ವರ್ಲಿನ್ ನಿಟ್ಟುಸಿರಿಟ್ಟ. "ಬಯ್ಯೋಕೂ ಬಾಯಿ ಬರಲ್ಲ."

"ನಂಗೆ ಬರುತ್ತೆ, ತಾಳು," ಎಂದಳು ಆರ್ಡಿಸ್.

ಆದರೆ ಅವಳು ಶುರುಮಾಡುವ ಮೊದಲೇ ಡೆಲ್ಮರ್ ಕೇಳಿದ: "ಗಾಳಿ ತಡೆಯೋಕೆ ಜೋಳವೇ ಆಗ್ಬೇಕಾ? ಹುಲ್ಲಾದ್ರೆ ಆಗಲ್ವಾ? ನನ್ನ ಕೊಟ್ಟಿಗೆ ಹಿಂದೆ ಹೋದ ವರ್ಷ ಸುತ್ತಿಟ್ಟ ಹುಲ್ಲಿನ ಉರುಳೆಗಳು ಬಿದ್ದಿವೆ, ಒಂದೊಂದೂ ಆಳೆತ್ತರ. ದನ ಮೂಸೂ ನೋಡಲ್ಲ."

ಆರ್ಡಿಸ್ ಬೈಗುಳ ಬದಿಗಿಟ್ಟು ನೆರೆಯವರನ್ನು ಕರೆಯಲು ಹೊರಟಳು.

ಸಂಜೆಯ ಹೊತ್ತಿಗೆ ಅಕ್ಕಪಕ್ಕದ ಟ್ರ್ಯಾಕ್ಟರುಗಳೆಲ್ಲ ಬಂದವು. ಜೋಳ ನಿಂತಿದ್ದಲ್ಲೇ ಹುಲ್ಲಿನ ಉರುಳೆಗಳು ಸಾಲಾಗಿ ನಿಂತವು. ಸತ್ತವರು ಯಾರೂ ಇಲ್ಲವಾದ್ದರಿಂದ ಹಾಟ್‌ಡಿಶ್ ಅನ್ನು ಹೊಲದಲ್ಲೇ ಹಂಚಿಕೊಂಡು ತಿಂದರು.

ಜನವರಿಯಲ್ಲಿ ಗಾಳಿ ಬಂತು, ಬರಬೇಕಾದ ಹಾಗೆಯೇ ಬಂತು. ಮಾರನೆಯ ಬೆಳಿಗ್ಗೆ ತಿರುವು ಹತ್ತಿರವಾಗುತ್ತಲೇ ಆರ್ಡಿಸ್ ಬಸ್ಸು ನಿಧಾನಿಸಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಳು. ಹೊಲದಲ್ಲಿ ಉರುಳೆಗಳೇ ಮುಚ್ಚಿಹೋಗುವಷ್ಟು ಹಿಮ. ರಸ್ತೆಯಲ್ಲಿ ಜಲ್ಲಿ ಕಾಣುತ್ತಿತ್ತು.

ಹಿಂದಿನಿಂದ ಟಿಲ್ಲಿ ಕೇಳಿದಳು: "ಮಿಸ್ ಆರ್ಡಿಸ್, ಇವತ್ತೂ ಹಾಡ್ಬೇಕಾ?"

"ಬೇಡ ಕಂದ. ಇಷ್ಟ ಇದ್ರೆ ಹಾಡು." ಟಿಲ್ಲಿ ಹಾಡಿದಳು. ಆರ್ಡಿಸ್ ಶಾಲೆಯ ಬಾಗಿಲವರೆಗೂ ಕಣ್ಣೊರೆಸಿಕೊಳ್ಳುತ್ತಲೇ ಬಸ್ಸು ಓಡಿಸಿದಳು.

ಮುಂದಿನ ಸುಗ್ಗಿಯಲ್ಲಿ ಡೆಲ್ಮರ್ ತನ್ನ ಹೊಲದಂಚಿನ ಜೋಳ ಕೊಯ್ಯದೆ ಬಿಟ್ಟ. ಅವನನ್ನು ನೋಡಿ ಅವನ ಪಕ್ಕದವನು, ಅವನನ್ನು ನೋಡಿ ಇನ್ನೊಬ್ಬ. ಶಾಲೆಯವರೆಗೂ ರಸ್ತೆಯುದ್ದಕ್ಕೆ ಜೋಳ ನಿಂತಿತು. ಯಾಕೆಂದು ಯಾರೂ ಯಾರಿಗೂ ಹೇಳಲಿಲ್ಲ. ನಮ್ಮವರ ಬುದ್ಧಿ ಅಷ್ಟು ಬೇಗ ಬದಲಾಗುತ್ತದೆಯೇ?

ಆ ಬೇಸಿಗೆಯಲ್ಲಷ್ಟೇ ಊರಿಗೆ ಬಂದಿದ್ದ ಹೊಸ ಪಾದ್ರಿ ಇಲ್ಲಿನ ಪದ್ಧತಿಯನ್ನೆಲ್ಲ ಶ್ರದ್ಧೆಯಿಂದ ಕಲಿತಿದ್ದರು. ಭಾನುವಾರ ಚರ್ಚಿನಲ್ಲಿ, "ಶಾಲೆಯ ರಸ್ತೆಯಲ್ಲಿ ಒಟ್ಟಿಗೇ ಕಾಯಿಲೆ ಬಿದ್ದಿರುವ ನಮ್ಮ ಎಲ್ಲ ರೈತರಿಗಾಗಿ ಪ್ರಾರ್ಥಿಸೋಣ," ಎಂದು ಕಣ್ಣು ಮುಚ್ಚಿದರು.

ಡೆಲ್ಮರ್ ಪಕ್ಕದಲ್ಲಿದ್ದ ವರ್ಲಿನನನ್ನು ಮೊಣಕೈಯಿಂದ ತಿವಿದ. "ಯಾರಾದ್ರೂ ಹೇಳ್ಬೇಕಲ್ಲೋ ಅವರಿಗೆ."

"ಅವರೂ ನಿನ್ನ ಹಾಗೆ ಕೊಯ್ಯೋಕೆ ಹೊರಟ್ರೆ ಹೇಳೋಣ ಬಿಡು," ಎಂದ ವರ್ಲಿನ್, ಮತ್ತು ಎಲ್ಲರಿಗಿಂತ ಜೋರಾಗಿ ಆಮೆನ್ ಅಂದ.