ಏಳನೇ ನಂಬರಿನ ಐರನ್

ಮಾವ ಮಧ್ಯಾಹ್ನದ ನಿದ್ದೆಯಲ್ಲಿ ಮೊದಲ ಗೊರಕೆ ಹೊಡೆದದ್ದೇ ತಡ, ಅಳಿಯ ಅವರ ಗಾಲ್ಫ್ ಬ್ಯಾಗನ್ನು ಹೆಗಲಿಗೇರಿಸಿ ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಒಳಗೆ ಚೆಂಡು ಹೊಡೆಯುವ ಕೋಲುಗಳು, ತಲೆಗೊಂದು ನಂಬರು ಕೊರೆದ ಒಂಬತ್ತು ಐರನ್‌ಗಳು. ಸದ್ದಾಗದಿರಲೆಂದು ಪ್ರತಿಯೊಂದರ ತಲೆಗೂ ಕಾಲುಚೀಲ ತೊಡಿಸಿದ್ದ. ಇಷ್ಟು ಅಚ್ಚುಕಟ್ಟಾದ ಕಳ್ಳತನ ಭೂಮಿಯ ಮೇಲೆ ಹಿಂದೆ ನಡೆದಿಲ್ಲ, ಮುಂದೆ ನಡೆಯುವುದೂ ಇಲ್ಲ.

ಈ ಅಳಿಯ ಹಲ್ಲಿನ ಡಾಕ್ಟರು. ಅವನು ಹಲ್ಲು ಕಿತ್ತರೆ ಆ ಹಲ್ಲಿಗೇ ಗೊತ್ತಾಗುವುದಿಲ್ಲ. ಅವನಷ್ಟು ಚುರುಕು, ಅವನಷ್ಟು ಚೆಲುವ, ಅವನಷ್ಟು ವಿನಯವಂತ ಇನ್ನೊಬ್ಬನಿಲ್ಲ. ಅವನನ್ನು ನಾನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುವುದರಿಂದ ಇದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ.

ಕೊರತೆ ಒಂದೇ. ವರ್ಷಕ್ಕೊಮ್ಮೆ ಮಾವನೊಂದಿಗೆ ಆಡುವ ಪಂದ್ಯವನ್ನು ಹನ್ನೊಂದು ಸಲ ಆಡಿ ಹನ್ನೊಂದು ಸಲವೂ ಸೋತಿದ್ದ. ಸೋಲುತ್ತಿದ್ದ ಜಾಗವೂ ಒಂದೇ, ಕೊನೆಯ ಕುಳಿಯ ಮುಂದಿನ ಕೆರೆ. ಅಲ್ಲಿ ಇಬ್ಬರೂ ಏಳನೇ ನಂಬರಿನ ಐರನ್‌ನಲ್ಲೇ ಹೊಡೆಯಬೇಕೆಂಬುದು ಮಾವ ಹಾಕಿದ ಕಾನೂನು. ಮಾವನ ಚೆಂಡು ಕೆರೆ ದಾಟುತ್ತಿತ್ತು. ಅಳಿಯನ ಚೆಂಡು ಮೀನುಗಳ ಪಾಲಾಗುತ್ತಿತ್ತು. ಆ ಕೆರೆಯಲ್ಲಿ ಈಗ ನೀರಿಗಿಂತ ಅವನ ಚೆಂಡುಗಳೇ ಹೆಚ್ಚು.

ಹಾಗಂತ ಮಾವನನ್ನು ದ್ವೇಷಿಸಲು ಸಾಧ್ಯವೇ? ಪಂದ್ಯದ ವಾರ ಬಂತೆಂದರೆ ಅಳಿಯನ ಬ್ಯಾಗನ್ನು ತಾವೇ ಹೊತ್ತೊಯ್ದು, ತೊಳೆಸಿ ಒರೆಸಿ ಫಳಫಳ ಮಾಡಿಸಿ ತರುವ ಮಾವ ಯಾರಿಗುಂಟು!

ಈ ವರ್ಷ ಮಾತ್ರ ಕಥೆ ಕೆಟ್ಟಿತ್ತು. ಮಾವನಿಗೆ ಎಪ್ಪತ್ತೆರಡು. ಮೂರು ಭಾನುವಾರಗಳಿಂದ ಅಭ್ಯಾಸದಲ್ಲಿ ಅವರ ಚೆಂಡೂ ನೀರಿಗೆ ಬೀಳುತ್ತಿತ್ತು. ಪಂದ್ಯದ ದಿನ ಕೆರೆ ದಾಟದಿದ್ದರೆ ಬ್ಯಾಗನ್ನು ಯಾರಿಗಾದರೂ ಕೊಟ್ಟು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತುಬಿಡುತ್ತೇನೆ ಎಂದು ಊಟದ ಮೇಜಿನಲ್ಲಿ ಘೋಷಿಸಿದ್ದರು. ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತ್ತು.

"ಅಪ್ಪ ಆ ಕುರ್ಚೀಲಿ ಕೂತ್ರೆ ಮತ್ತೆ ಏಳಲ್ಲ ರೀ" ಎಂದಿದ್ದಳು ಹೆಂಡತಿ, ಮಲಗುವ ಕೋಣೆಯಲ್ಲಿ ದಿಂಬಿನ ಕವರು ಬದಲಿಸುತ್ತ.

ಅಳಿಯ ತನ್ನ ಗೆಲುವನ್ನು ಅಲ್ಲೇ ತ್ಯಾಗ ಮಾಡಿದ. ಇನ್ನೂ ಕೈಗೆ ಬಾರದ ಗೆಲುವು, ನಿಜ. ಆದರೂ ತ್ಯಾಗ ತ್ಯಾಗವೇ.

ಮಾವನಿಗೆ ಹೊಸ ಸೆಟ್ ಕೊಡಿಸೋಣವೆಂದು ಮೂರು ಕಂಪನಿಗಳ ಏಳನೇ ನಂಬರುಗಳನ್ನು ಅಂಗಡಿಯಿಂದ ಪರೀಕ್ಷೆಗೆ ತಂದ. ಭಾನುವಾರ ಮಾವನದನ್ನೂ ಎರವಲು ಪಡೆದ. ಒಂದೊಂದರಲ್ಲೂ ಇಪ್ಪತ್ತು ಚೆಂಡು ಹೊಡೆದ. ದುಬಾರಿಯದು ನೂರೈವತ್ತೆಂಟು ಗಜ ಹೋಯಿತು. ಅಗ್ಗದ್ದು ನೂರೈವತ್ತೈದು. ಮೂರು ಗಜಕ್ಕಾಗಿ ಎರಡು ಪಟ್ಟು ಬೆಲೆ! ನಡುವಿನದು ಬೆಲೆಯಲ್ಲಿ ನಡುವೆ, ದೂರದಲ್ಲಿ ಮೂರರಲ್ಲಿ ಕೊನೆ. ಮಾವನದು ನೂರ ನಲವತ್ನಾಲ್ಕು. ಅವನ ಸ್ವಂತದ್ದು ನೂರ ಮೂವತ್ತು. ಪಾಪ, ಸುಸ್ತಾಗಿದೆ ಎಂದು ಅದರ ಬೆನ್ನು ತಟ್ಟಿದ.

ಆಮೇಲೆ ಮಗಳ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ಕದ್ದು ಎಲ್ಲವುಗಳ ಲಾಫ್ಟ್ ಅಳೆದ. ಐರನ್‌ನ ಮುಖ ಹಿಂದಕ್ಕೆ ಎಷ್ಟು ವಾಲಿದೆ ಎಂಬುದೇ ಲಾಫ್ಟ್. ಹೆಚ್ಚು ವಾಲಿದರೆ ಚೆಂಡು ಆಕಾಶಕ್ಕೆ, ಕಡಿಮೆ ವಾಲಿದರೆ ದೂರಕ್ಕೆ. ಹೊಸವು ಮೂರೂ ಮೂವತ್ತೊಂದು ಡಿಗ್ರಿಯ ಆಸುಪಾಸು. ಮಾವನದು ಮೂವತ್ತೈದು. ತನ್ನದು ಮೂವತ್ತೊಂಬತ್ತೂವರೆ. ಅಲ್ಲಿಗೆ ಕಂಪನಿಗಳ ಬಂಡವಾಳ ಬಯಲಾಯಿತು. ಹೊಸ ಐರನ್‌ನಲ್ಲಿ ಮಂತ್ರವೂ ಇಲ್ಲ, ಮಾಯವೂ ಇಲ್ಲ. ಮುಖ ನೆಟ್ಟಗೆ ಮಾಡಿ ಮೇಲೆ ಏಳು ಎಂದು ಬರೆದಿದ್ದಾರೆ, ಅಷ್ಟೇ. ಈ ಸತ್ಯ ಕಂಡುಹಿಡಿದಾಗ ಅವನಿಗೆ ತನ್ನ ಬಗ್ಗೆಯೇ ಭಯಭಕ್ತಿ ಉಂಟಾಯಿತು.

ಹೊಸದು ಬೇಡವೆಂದು ಮಾವ ಹೇಗೂ ಹಟ ಹಿಡಿದಿದ್ದರು. ಅದಕ್ಕೇ ಈ ಕಳ್ಳತನ.

ರಿಪೇರಿ ಅಂಗಡಿಯ ಬೆಂಚಿನ ಮೇಲೆ ಐರನ್ ಬಿಗಿದು ಬಗ್ಗಿಸುವ ಉಕ್ಕಿನ ಹಿಡಿಕೆಯಿತ್ತು. "ಎಲ್ಲಾನೂ ನಾಲ್ಕು ಡಿಗ್ರಿ ನೆಟ್ಟಗೆ ಮಾಡು" ಎಂದ ಅಳಿಯ. "ಮಾವಂಗೆ ಗೊತ್ತಾಗಬಾರದು."

ರಿಪೇರಿಯವನು ಬ್ಯಾಗನ್ನು ನೋಡಿದ. ಅಳಿಯನನ್ನು ನೋಡಿದ. ಮೀಸೆಯೊಳಗೇ ನಕ್ಕ. "ನಿಮ್ಮ ಮನೇಲಿ ಎಲ್ರದ್ದೂ ಒಂದೇ ಮಾತು ಸಾರ್."

ಒಳ್ಳೆಯ ಮನೆತನವೆಂದರೆ ಹಾಗೇ, ಎಂದು ಅಳಿಯ ಎದೆಯುಬ್ಬಿಸಿದ. ಮಾವ ಸಂಜೆ ಏಳುವುದರೊಳಗೆ ಬ್ಯಾಗು ಮೂಲೆ ಸೇರಿತ್ತು.

ಪಂದ್ಯದ ದಿನ ಕೊನೆಯ ಕುಳಿಯವರೆಗೆ ಇಬ್ಬರೂ ಸಮ. ಮಾವ ಏಳನೇ ನಂಬರು ಹಿಡಿದು ಬಹಳ ಹೊತ್ತು ನೀರನ್ನೇ ನೋಡಿದರು. ಹೊಡೆದರು. ಚೆಂಡು ತಗ್ಗಿನಲ್ಲೇ ಹಾರಿ, ಕೆರೆ ದಾಟಿ, ಆಚೆ ದಡದ ಹುಲ್ಲಿನಲ್ಲಿ ಕೂತಿತು. ಮಾವ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

ಅಳಿಯನ ಚೆಂಡು ಮೋಡ ಮುಟ್ಟಿ ಬಂದು ಸೀದಾ ಮೀನುಗಳ ಬಳಿಗೆ ಹೋಯಿತು.

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ" ಎಂದು ಮಾವ ಹೆಗಲ ಮೇಲೆ ಕೈಯಿಟ್ಟರು. "ಮುಂದಿನ ವರ್ಷ ಇದೆಯಲ್ಲ." ಮುಂದಿನ ವರ್ಷ! ಕುರ್ಚಿ ಖಾಲಿಯೇ ಉಳಿಯಿತು. ಅಳಿಯನ ಔದಾರ್ಯ ಆ ಮೈದಾನದಲ್ಲಿ ಹಿಡಿಸದೆ ಪಕ್ಕದ ರಸ್ತೆಗೂ ಚೆಲ್ಲಿತು.

ಸೋಮವಾರ ಅವನು ರಿಪೇರಿಯವನಿಗೆ ಧನ್ಯವಾದ ಹೇಳಲು ಹೋದ. ಹೋದವನು ತನ್ನ ಏಳನೇ ನಂಬರನ್ನೂ ಬೆಂಚಿನ ಮೇಲಿಟ್ಟ. ಇದು ಯಾಕೆ ಇಷ್ಟು ಸುಸ್ತಾಗಿದೆ, ನೋಡು ಎಂದ.

ರಿಪೇರಿಯವನು ಅಳೆಯಲೂ ಇಲ್ಲ. "ಈಗ ನಲವತ್ತಿರುತ್ತೆ ಸಾರ್. ಹೊಸದ್ರಲ್ಲಿ ಮೂವತ್ನಾಲ್ಕಿತ್ತು."

ಅಳಿಯ ಬಾಯಿ ತೆರೆದ. ಹಲ್ಲಿನ ಡಾಕ್ಟರಾದ ಮೇಲೆ ತಾನೇ ಅಷ್ಟಗಲ ಬಾಯಿ ತೆರೆದದ್ದು ಅದೇ ಮೊದಲು.

"ಮಾವನೋರು ಪ್ರತಿ ವರ್ಷ ಪಂದ್ಯದ ವಾರ ತರ್ತಾರಲ್ಲ ಸಾರ್, ಅರ್ಧ ಡಿಗ್ರಿ ಹಿಂದಕ್ಕೆ ಮಲಗಿಸು, ಅಳಿಯಂಗೆ ಗೊತ್ತಾಗಬಾರದು ಅಂತ."