ಕ್ಷಮಿಸಲು ಬಂದ ಅಕ್ಕ

"ನಿನ್ನನ್ನ ಕ್ಷಮಿಸಿಬಿಟ್ಟೆ ಕಣೇ," ಎಂದಳು ಅಕ್ಕ, ಲಾಂಡ್ರಿಯ ಹೊಸ್ತಿಲು ದಾಟುವ ಮೊದಲೇ.

ತಂಗಿಯ ಎರಡು ಕೈಯಲ್ಲೂ ಪೂರ್ತಿ ಆರದ ಬೆಡ್‌ಶೀಟಿನ ಎರಡು ಮೂಲೆಗಳಿದ್ದವು. ಇನ್ನೆರಡು ಮೂಲೆ ಹಿಡಿಯಬೇಕಾದ ಗಂಡ ಆಚೆ ಮೇಜಿನ ಮುಂದೆ ದಿಂಬಿನ ಕವರುಗಳಿಗೆ ಇಸ್ತ್ರಿ ಹಾಕುತ್ತಿದ್ದ. ಹೊಸ ವರ್ಷವಾದರೇನು, ಲಾಡ್ಜಿನವರಿಗೆ ಸಂಜೆಯೊಳಗೆ ಬಟ್ಟೆ ಬೇಕೇ ಬೇಕು. "ಒಳ್ಳೇ ಹೊತ್ತಿಗೆ ಬಂದೆ ಅಕ್ಕ, ಆ ತುದಿ ಹಿಡ್ಕೋ," ಎಂದಳು ತಂಗಿ. ಅಕ್ಕ ಕೈಯಲ್ಲಿದ್ದ ಬೈಬಲ್ಲನ್ನು ಎಲ್ಲಿಡುವುದೆಂದು ಅತ್ತಿತ್ತ ನೋಡಿದಳು. ಎಲ್ಲೆಲ್ಲೂ ಒದ್ದೆ ಬಟ್ಟೆ. ಕಡೆಗೆ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಶೀಟು ಹಿಡಿದಳು.

ಹಳೇ ಕಹಿಯನ್ನು ಹೊಸ ವರ್ಷದೊಳಕ್ಕೆ ಹೊತ್ತು ತರಬೇಡಿ ಎಂದು ಬೆಳಗಿನ ಆರಾಧನೆಯಲ್ಲಿ ಪಾಸ್ಟರು ಹೇಳಿದ್ದರು. ಎಲ್ಲರೂ ಕೇಳಿಕೊಂಡು ಮನೆಗೆ ಹೋದರು. ಅಕ್ಕ ಹಾಗಲ್ಲ, ಹೇಳಿದ್ದನ್ನು ಅಂದೇ ಮಾಡಿ ಮುಗಿಸುವವಳು. ಪ್ರಾರ್ಥನಾ ಕೂಟ ನಡೆಸುವವಳೇ ಮಾಡದಿದ್ದರೆ ಇನ್ನಾರು ಮಾಡುತ್ತಾರೆ? ಮಧ್ಯಾಹ್ನದೊಳಗೆ ಇಬ್ಬರನ್ನು ಕ್ಷಮಿಸಿಯಾಗಿತ್ತು. ಚರ್ಚಿನಲ್ಲಿ ಕೀಬೋರ್ಡ್ ನುಡಿಸುವವನು ತಾನೇನು ತಪ್ಪು ಮಾಡಿದೆ ಎಂದು ತಿಳಿಯದೆ ಪಿಳಿಪಿಳಿ ಕಣ್ಣು ಬಿಟ್ಟಿದ್ದ. ಮಹಡಿ ಮನೆಯವಳಂತೂ ಮುಖದ ಮೇಲೇ ಬಾಗಿಲು ಹಾಕಿಕೊಂಡಿದ್ದಳು. ಅವರ ಮಾತು ಹಾಗಿರಲಿ. ನಿಜವಾಗಿ ಎದೆಯಲ್ಲಿ ಮುಳ್ಳಾಗಿ ಕೂತಿದ್ದವಳು ತಂಗಿ. ಮೂರು ವರ್ಷದಿಂದ ಅವಳ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಅಮ್ಮ ಹೋದ ಮೇಲೆ ಇದ್ದ ಒಬ್ಬಳೇ ಒಬ್ಬ ತಂಗಿ ಅವಳು, ಅಕ್ಕನಿಗೆ ಅವಳು ಬೇಕಾಗಿದ್ದಳು.

"ಯಾವುದಕ್ಕೆ ಕ್ಷಮಿಸಿದೆ?" ತಂಗಿ ಶೀಟನ್ನು ಜಗ್ಗಿ ಕೊಡವಿದಳು.

"ಯಾವುದಕ್ಕೆ ಅಂತ ಬೇರೆ ಕೇಳ್ತೀಯಲ್ಲ! ಅಮ್ಮನ ಜೀವ ಹೋಗೋವಾಗ ನನಗೊಂದು ಮಾತು ಹೇಳಿ ಕಳಿಸಲಿಲ್ಲ ನೀನು. ನಿನ್ನ ಮನೇಲಿದ್ದಳು ಅಂತ ನಿನಗೊಬ್ಬಳಿಗೇ ಅಮ್ಮನಾ? ಒಳಗೊಳಗೇ ಬೆಂದುಹೋಗಿದ್ದೀನಿ. ಹೋಗಲಿ, ಇವತ್ತು ದೇವರ ಮುಂದೆ ಬಿಟ್ಟುಬಿಟ್ಟೆ. ಇನ್ನು ಆ ಮಾತಿಲ್ಲ."

"ಸರಿ ಅಕ್ಕ."

"ಸರಿ ಅಂದ್ರೆ? ಅಷ್ಟೇನಾ?"

"ಮತ್ತೇನು ಅನ್ನಲಿ? ಮಡಚಬೇಕು, ಈ ಕಡೆ ಬಾ."

ಇಬ್ಬರೂ ಎದುರುಬದುರಾಗಿ ನಡೆದು ಬಂದು ಮೂಲೆಗೆ ಮೂಲೆ ಸೇರಿಸಿದರು. ಅಕ್ಕನಿಗೆ ಸಮಾಧಾನವಾಗಲಿಲ್ಲ. ಇಷ್ಟು ದೊಡ್ಡ ಮನಸ್ಸು ಮಾಡಿಕೊಂಡು ಬಂದವಳಿಗೆ ಒಂದು ಹನಿ ಕಣ್ಣೀರೂ ಇಲ್ಲವೇ? ಬಿಟ್ಟುಬಿಟ್ಟೆ ಎಂದ ಮಾತನ್ನು ಮತ್ತೆ ಎತ್ತಿಕೊಂಡಳು. "ನನ್ನ ಫೋನ್ ಆಫ್ ಇತ್ತು, ಒಪ್ಕೋತೀನಿ. ಓಡಿ ಬಂದು ಹೇಳೋಕೆ ಕಾಲಿರೋರು ಒಬ್ಬರೂ ಇರಲಿಲ್ವಾ ಈ ಮನೇಲಿ?"

ತಂಗಿಯ ಗಂಡ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. "ನಾನು ಬಂದಿದ್ದೆ ಅತ್ತಿಗೆ."

"ರೀ, ಸುಮ್ನಿರಿ," ಎಂದಳು ತಂಗಿ.

"ಇನ್ನೆಷ್ಟು ಸುಮ್ನಿರೋದು? ಆವತ್ತು ಕೂಟದಲ್ಲಿ ನೀವೇ ಪ್ರಾರ್ಥನೆ ನಡೆಸ್ತಿದ್ರಿ ಅತ್ತಿಗೆ. ನಾನು ಬಾಗಿಲಲ್ಲಿ ನಿಂತೆ. ನೀವು ಕಣ್ಣು ಬಿಟ್ಟು ನೋಡಿದ್ರಿ, ತಡೀರಿ ಅಂತ ಕೈ ತೋರಿಸಿದ್ರಿ. ಅಷ್ಟು ಜನ ತಲೆ ಬಗ್ಗಿಸಿ ಕೂತಿರುವಾಗ ಹೇಗೆ ಕೂಗೋದು? ಈಗ ಮುಗೀಬಹುದು, ಈಗ ಮುಗೀಬಹುದು ಅಂತ ನಿಂತೇ ಇದ್ದೆ. ಅಷ್ಟರಲ್ಲಿ ಇವಳ ಫೋನ್ ಬಂತು, ಅಮ್ಮ ಹೋದ್ರು ಅಂತ. ಹಾಗೇ ವಾಪಸ್ ಓಡಿದೆ."

ಅಕ್ಕನಿಗೆ ಆ ಬಾಗಿಲು, ಅಲ್ಲಿ ನಿಂತಿದ್ದ ಅವನು, ಎಲ್ಲ ನೆನಪಾಯಿತು. ಪ್ರಾರ್ಥನಾ ಮಂದಿರದ ಪರದೆಗಳನ್ನು ತಿಂಗಳಿಗೊಮ್ಮೆ ಒಗೆಯಲು ಒಯ್ಯುತ್ತಿದ್ದವನು ಅವನೇ.

"ಪರದೆ ತಗೊಂಡು ಹೋಗೋಕೆ ಬಂದಿದ್ದೀರ ಅಂದ್ಕೊಂಡೆ," ಎಂದಳು. "ಅಮ್ಮನಿಗೋಸ್ಕರಾನೇ ಪ್ರಾರ್ಥನೆ ಮಾಡ್ತಿದ್ದೆ ನಾನು. ಅಮ್ಮನ್ನ ಉಳಿಸಪ್ಪಾ ಅಂತ."

"ಗೊತ್ತು ಅತ್ತಿಗೆ. ಬಾಗಿಲವರೆಗೂ ಕೇಳಿಸ್ತಿತ್ತು."

ಅಕ್ಕ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತಳು. ಒದ್ದೆಯೋ ಒಣಗಿದ್ದೋ ನೋಡಲಿಲ್ಲ. ತಂಗಿ ಗಂಡನತ್ತ ದುರುಗುಟ್ಟಿ ನೋಡಿದಳು. ಅವನು ಮತ್ತೆ ದಿಂಬಿನ ಕವರು ಎಳೆದುಕೊಂಡು ಇಸ್ತ್ರಿ ಹಾಕತೊಡಗಿದ.

"ಇಷ್ಟು ದಿನ ನನಗೆ ಯಾಕೇ ಹೇಳಲಿಲ್ಲ?"

"ಹೇಳಿದ್ರೆ ನೀನು ಮತ್ತೆ ಬಾಯಿ ತೆಗೆದು ಪ್ರಾರ್ಥನೆ ಮಾಡ್ತಿದ್ಯಾ? ನೀನು ಪ್ರಾರ್ಥನೆ ಮಾಡೋದು ಅಂದ್ರೆ ಅಮ್ಮನಿಗೆ ಪ್ರಾಣ. ಅದು ನನ್ನ ಮಾತಿಂದ ನಿಂತುಹೋಯ್ತು ಅಂತ ಆಗಬಾರದು ಅಂತ ಸುಮ್ಮನಿದ್ದೆ."

"ಸಿಟ್ಟು ಬರಲಿಲ್ವಾ ನನ್ನ ಮೇಲೆ?"

"ಬರದೆ ಏನು! ನಾನೇನು ಕಲ್ಲಾ? ಅಮ್ಮ ಕಡೇವರೆಗೂ ನಿನ್ನ ಹೆಸರೇ ಕರೀತಿದ್ದಳು. ನೀನು ಬಂದು ನನ್ನ ಜೊತೆಗೇ ಮಾತು ಬಿಟ್ಟೆ."

ಅಕ್ಕ ಬರಿಗೈಯಿಂದಲೇ ಕಣ್ಣೊರೆಸಿಕೊಂಡಳು. ಬೆಳಿಗ್ಗೆಯಿಂದ ಬೀದಿ ಬೀದಿ ಸುತ್ತಿ ಕ್ಷಮೆ ಹಂಚಿದ್ದವಳಿಗೆ ಅದನ್ನು ಕೇಳುವುದು ಹೇಗೆಂದು ಗೊತ್ತಾಗಲಿಲ್ಲ. ತಲೆ ಎತ್ತದೆ, "ನನ್ನನ್ನ ಕ್ಷಮಿಸಿದ್ಯೇನೇ?" ಎಂದಳು.

ತಂಗಿ ಬುಟ್ಟಿಯಿಂದ ಇನ್ನೊಂದು ಶೀಟು ಎತ್ತಿಕೊಂಡಳು.

"ಪ್ರತಿ ಭಾನುವಾರ ಕ್ಷಮಿಸ್ತೀನಿ ಅಕ್ಕ. ಸೋಮವಾರ ಬೆಳಿಗ್ಗೆ ಎದ್ದರೆ ಮತ್ತೆ ಸಿಟ್ಟು ಬಂದಿರುತ್ತೆ. ಮತ್ತೆ ಮೊದಲಿಂದ ಶುರು ಮಾಡ್ತೀನಿ. ಇವತ್ತಿನ್ನೂ ಗುರುವಾರ."