ನೂಲು ಹೋಗದ ಊರು

ಟವೆಲ್ಲಿನ ಅಡಿಯಲ್ಲಿ ಉಸ್ಮಾನ್ ಸಾಬರು ಷರೀಫನ ಕೈ ಬಿಡಲಿಲ್ಲ. ವ್ಯಾಪಾರ ಆಗಲೇ ಮುಗಿದಿತ್ತು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿಗೆ ಸರ್ಕಾರಿ ಹರಾಜು ಬಂದು ವರ್ಷಗಳಾಗಿದ್ದವು. ಆದರೂ ನೂಲಿನ ದಲ್ಲಾಳಿಗಳಲ್ಲಿ ಕೆಲವು ಹಳಬರು ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೈಗಳ ಮೇಲೆ ಟವೆಲ್ ಹಾಕಿ ಬೆರಳಿನಲ್ಲಿ ಹೇಳುತ್ತಿದ್ದರು. ಒಪ್ಪಿಗೆಯಾದರೆ ತೋರುಬೆರಳಿನ ತುದಿಯಿಂದ ಎದುರಿನವನ ಅಂಗೈ ಒತ್ತಬೇಕು. ಉಸ್ಮಾನ್ ಸಾಬರಿಗೆ ಆ ತುದಿ ಇರಲಿಲ್ಲ. ಚಿಕ್ಕಂದಿನಲ್ಲೇ ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ಅವರು ಬೆರಳನ್ನು ಮಡಿಸಿ ಗೆಣ್ಣಿನಿಂದ ಒತ್ತುತ್ತಿದ್ದರು. ಊರಿನಲ್ಲಿ ಹಾಗೆ ಒತ್ತುವವರು ಇನ್ನೊಬ್ಬರಿರಲಿಲ್ಲ. ಮಗಳು ಷಮೀಮಳನ್ನು ಷರೀಫನಿಗೆ ಕೊಡುವ ಮಾತನ್ನೂ ಅವರು ಹೀಗೇ, ಜನರೆದುರು, ಟವೆಲ್ ಹಾಕಿ ಮುಗಿಸಿದ್ದರು. ಎಲ್ಲರೂ ನಕ್ಕಿದ್ದರು. ಷರೀಫನೂ ನಕ್ಕಿದ್ದ.

"ಮದುವೆಗೆ ಮುಂಚೆ ಎಲ್ಲಿಗೋ ಹೋಗ್ತಿದೀಯಂತೆ," ಸಾಬರು ಅಂದರು. "ಒಬ್ನೇ."

"ಗುಲ್ಬರ್ಗಾಕ್ಕೆ ಚಾಚಾ. ದರ್ಗಾಕ್ಕೆ."

"ಹೋಗ್ಲಿ ಬಿಡಿ ಸಾಬ್ರೇ," ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಗೂಡಿನ ರೈತ ನರಸಪ್ಪ ಬಾಯಿ ಹಾಕಿದ. "ಆಮೇಲೆ ನಿಮ್ಮ ಮಗಳು ಬಸ್‌ಸ್ಟ್ಯಾಂಡ್ ದಾಟಕ್ಕೂ ಬಿಡಲ್ಲ. ನೀವು ವರ್ಷಾ ವರ್ಷಾ ನಾಗೂರು ದರ್ಗಾಕ್ಕೆ ಒಬ್ರೇ ಹೋಗಲ್ವಾ? ಇವನೂ ನಿಮ್ಮಂಗೆ ಬರ್ತಾ ಗೋಡಂಬಿ ತಂದ್ರೆ ಆಯ್ತು."

"ನನ್ನಂಗೇ ಕಣಪ್ಪ ಇವನು," ಅಂದರು ಉಸ್ಮಾನ್ ಸಾಬರು. "ಅದಕ್ಕೇ ಮಗಳನ್ನ ಕೊಡ್ತಿರೋದು."

ಆಗ ಕೈ ಬಿಟ್ಟರು.

ಷರೀಫ ರೀಲರ್. ಮನೆಯ ಹಿಂದೆ ನೂಲು ಬಿಚ್ಚುವ ಬೇಸಿನ್ನುಗಳು, ಹಗಲೆಲ್ಲ ಬೆಂದ ಗೂಡಿನ ಹಬೆ. ಅವನಿಗೆ ಹೆಂಗಸರ ಮೇಲೆ ಮನಸ್ಸು ಹೋದದ್ದಿಲ್ಲ. ಗಂಡಸರ ಮೇಲೆ ಹೋಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ನಿಕಾಹ್ ಬಗ್ಗೆ ದುಃಖವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿಯ ಹಾಗಿತ್ತು. ಅದಕ್ಕೆ ಮುಂಚೆ ಕೆಲವು ದಿನ, ಗುರುತಿನವರಿಲ್ಲದ ಒಂದು ಊರು ಬೇಕಿತ್ತು. ಅಷ್ಟೇ.

ಊರು ಸಿಗುವುದೇ ಕಷ್ಟ. ಒಮ್ಮೆ ಬೆಂಗಳೂರಿನ ಪಾರ್ಕೊಂದರಲ್ಲಿ ಅವನು ಒಬ್ಬನ ಪಕ್ಕ ಕೂತಿದ್ದಾಗ ಚಿಂತಾಮಣಿಯ ನೂಲಿನ ವ್ಯಾಪಾರಿ ಎದುರಿಗೇ ಬಂದಿದ್ದ. ಏನೋ ಸುಳ್ಳು ಹೇಳಿ ಬಚಾವಾದ. ಆ ಮಾತು ಊರಿಗೆ ಬಂದಿದ್ದರೆ ಅಕ್ಕ ಜಾಹಿದಾಳನ್ನು ಅವಳ ಅತ್ತೆಮನೆಯವರು ಗಂಟುಮೂಟೆ ಸಮೇತ ತಂದು ಬಿಡುತ್ತಿದ್ದರು. ಅಂದಿನಿಂದ ಷರೀಫ ಲೆಕ್ಕ ಹಾಕುತ್ತಲೇ ಇದ್ದ. ಕಂಚಿಗೆ ನಮ್ಮ ನೂಲು ಹೋಗುತ್ತದೆ, ಧರ್ಮಾವರಕ್ಕೆ ಹೋಗುತ್ತದೆ, ಸೇಲಂ, ಸೂರತ್, ಬನಾರಸ್. ನೂಲು ಹೋದಲ್ಲೆಲ್ಲ ನಮ್ಮವನೊಬ್ಬ ಇರುತ್ತಾನೆ. ಗುಲ್ಬರ್ಗಾ ಹೇಳುವುದಕ್ಕೆ ಮಾತ್ರ. ದರ್ಗಾದಲ್ಲಿ ಅರ್ಧ ಶಿಡ್ಲಘಟ್ಟವೇ ಸಿಕ್ಕೀತು. ರಂಜಾನಿನಲ್ಲಿ ಮನೆ ಬಿಡುವಂತಿಲ್ಲ. ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಕಾಲೇಜು ಹುಡುಗರು ಟೂರು ಹೊರಡುತ್ತಾರೆ. ಉಳಿದದ್ದು ಮೋಡ ಕವಿದ ದಿನಗಳು. ಆಗ ನೂಲು ಒಣಗುವುದಿಲ್ಲ, ಕೆಲಸ ನಿಂತಿರುತ್ತದೆ, ಯಾರೂ ಏನೂ ಕೇಳುವುದಿಲ್ಲ.

ಯಾವ ನೂಲು ಎಲ್ಲಿಗೆ ಹೋಗುತ್ತದೆಂದು ಪೂರ್ತಿ ಗೊತ್ತಿದ್ದದ್ದು ಒಬ್ಬರಿಗೇ. ಎಲ್ಲರಿಗಿಂತ ಹೆಚ್ಚು ಹೆದರಬೇಕಾದ್ದೂ ಅವರಿಗೇ.

"ಹೊಸ ಗಿರಾಕಿ ಹುಡುಕೋಣ ಅಂತ ಚಾಚಾ," ಷರೀಫ ಒಂದು ಮಧ್ಯಾಹ್ನ ಕೇಳಿದ. "ನಮ್ಮ ನೂಲು ಹೋಗದೇ ಇರೋ ಊರು ಯಾವುದಾದ್ರೂ ಇದೆಯಾ?"

ಉಸ್ಮಾನ್ ಸಾಬರು ಅವನ ಮುಖವನ್ನೇ ನೋಡಿದರು.

"ಕಾರವಾರ," ಅಂದರು. "ಒಂದು ಎಳೆನೂ ಹೋಗಿಲ್ಲ. ವ್ಯಾಪಾರಕ್ಕೆ ಹೋದ್ರೆ ದಂಡ."

"ಹಾಗಾದ್ರೆ ಬೇಡ ಬಿಡಿ."

"ಬೇಡ. ಗುಲ್ಬರ್ಗಾಕ್ಕೇ ಹೋಗ್ಬಾ." ಸಾಬರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ನಾನು ಈ ವರ್ಷ ನಾಗೂರಿಗೆ ಹೋಗ್ತಿಲ್ಲ. ಮದುವೆ ಕೆಲಸ ಐತೆ."

ಕಾರವಾರದ ಬಸ್ಸಿಳಿದಾಗ ಮಳೆ ಸಣ್ಣಗೆ ಬೀಳುತ್ತಿತ್ತು. ನಿಲ್ದಾಣದ ಅಂಗಡಿಗಳಲ್ಲಿ ಗೋಡಂಬಿಯ ರಾಶಿ. ಲಾಡ್ಜಿನಲ್ಲಿ ಹೆಸರು ಬೇರೆ ಹೇಳಿದ, ಊರು ಹೊಸೂರು ಅಂದ. ಹೊಸ ಷರಟು ಹಾಕಿಕೊಂಡ. ಪರಿಚಯದ ಮುಖ ಒಂದೂ ಇರಲಿಲ್ಲ. ಅವನು ಅಂದುಕೊಂಡಿದ್ದ ಹಗುರ ಮಾತ್ರ ಬರಲಿಲ್ಲ.

ಸಂಜೆ ಸಮುದ್ರದ ದಂಡೆಯಲ್ಲಿ, ದೋಣಿ ನಿಲ್ಲಿಸುವ ಒಂದು ಚಪ್ಪರದ ಕೆಳಗೆ ಕೂತ. ಒಬ್ಬಾತ ಛತ್ರಿ ಮಡಚಿ ಪಕ್ಕದಲ್ಲೇ ಬಂದು ಕೂತ. ನಡುವಯಸ್ಸಿನವನು, ಬಂದರಿನಲ್ಲಿ ಕೆಲಸ ಎಂದ. ಮಳೆಯ ಬಗ್ಗೆ ಮಾತಾಡಿದರು. ಮೀನಿನ ಬಗ್ಗೆ ಮಾತಾಡಿದರು. ಅವನ ಮೊಣಕಾಲು ತಾಗಿತು. ಇಬ್ಬರೂ ಸರಿಯಲಿಲ್ಲ.

"ನೀವು ಹೊಸೂರಿನವರಲ್ಲ," ಅಂದ ಆತ, ಸಮುದ್ರ ನೋಡುತ್ತಲೇ. "ರೇಷ್ಮೆಹುಳ ಬೇಯಿಸುವವರು. ಮೈಗೆ ಅದರದ್ದೇ ವಾಸನೆ."

ಷರೀಫ ತೋಳನ್ನು ಮೂಸಿಕೊಂಡ. ಅವನಿಗೆ ಏನೂ ಗೊತ್ತಾಗಲಿಲ್ಲ. ಹುಟ್ಟಿದಂದಿನಿಂದ ಆ ಹಬೆಯಲ್ಲೇ ಇದ್ದವನಿಗೆ ಗೊತ್ತಾಗುವುದೂ ಇಲ್ಲ. ಹೆಸರು ಮುಚ್ಚಿಟ್ಟಿದ್ದ, ಊರು ಮುಚ್ಚಿಟ್ಟಿದ್ದ, ಇದು ಹೊಳೆದೇ ಇರಲಿಲ್ಲ.

"ನಿಮಗೆ ಹೇಗೆ ಗೊತ್ತು ಆ ವಾಸನೆ?"

"ಪ್ರತಿ ಮಳೆಗಾಲಕ್ಕೆ ಒಬ್ಬರು ಬರ್ತಿದ್ರು. ಈ ಸಲ ಬರ್ಲಿಲ್ಲ." ಆತ ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈಗಳ ಮೇಲೂ ಹರವಿದ. "ಹೀಗೆ ಹಿಡಿದುಕೊಂಡರೆ ಯಾರಿಗೂ ಕಾಣುವುದಿಲ್ಲ. ಅವರೇ ಕಲಿಸಿದ್ದು."

ಆತನ ಕೈಯಲ್ಲಿ ಐದು ಬೆರಳೂ ಪೂರ್ತಿಯಾಗಿದ್ದವು. ಆದರೂ ಅವನು ತೋರುಬೆರಳನ್ನು ಮಡಿಸಿ, ಗೆಣ್ಣಿನಿಂದ ಷರೀಫನ ಅಂಗೈಯನ್ನು ಒತ್ತಿದ.